ನಮ್ಮೂರ ಮಾಸ್ತರು

ಅಕ್ಕಂದಿರೇ, ಬನ್ನಿ, ಕುಂತುಕೊಳ್ಳಿ.

ಇವತ್ತಿನ ಪಾಠ ಒಬ್ಬ ಮಾಸ್ತರರ ಪಾಠ. ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಅಕ್ಷರದ ಕೆಳಗೆ ಬೆರಳಿಟ್ಟು ನೋಡುತ್ತಾ ಬನ್ನಿ. ಯಾರಾದರೂ ಎಡವಿದರೆ ನಗಬೇಡಿ. ನಾನೂ ಎಡವಿ ಎಡವಿ ಓದಲು ಕಲಿತವಳೇ. ಅದೂ ಮೂವತ್ತೆಂಟನೆಯ ವಯಸ್ಸಿನಲ್ಲಿ.

ಮಾಸ್ತರರ ಹೆಸರು ಇಲ್ಲಿ ಬರೆದಿಲ್ಲ. ಅವರಿಗೆ ಹೆಸರು ಹೇಳಿಸಿಕೊಳ್ಳುವುದು ಸೇರುತ್ತಿರಲಿಲ್ಲ. ಊರಿಗೆಲ್ಲ ಅವರು ‘ಮಾಸ್ತರು’. ಅಷ್ಟೇ ಸಾಕು.

ನಮ್ಮ ಊರು ಸೇಡಂ ತಾಲೂಕಿನದು. ಕಾಗಿಣಾ ಹೊಳೆ ಹತ್ತಿರ. ಮಳಖೇಡ ರೋಡ್ ಸ್ಟೇಷನ್ ಇದೆಯಲ್ಲ, ಅಲ್ಲಿಂದ ನಡೆದರೆ ಒಂದು ತಾಸಿನ ದಾರಿ. ಎರಿ ಭೂಮಿ. ತೊಗರಿ, ಜೋಳ, ಹೆಸರು, ಉದ್ದು, ಕಡಲಿ ಬೆಳೆಯುತ್ತೇವೆ. ಮಾಸ್ತರೂ ಇದೇ ಊರಿನವರು. ಒಕ್ಕಲುತನದ ಮನೆಯ ಹಿರಿಯ ಮಗ.

ಅವರು ಹುಟ್ಟಿದ್ದು ನಿಜಾಮರ ಕಾಲದಲ್ಲಿ. ಆಗ ನಮ್ಮ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಕಚೇರಿಯ ಕಾಗದವೆಲ್ಲ ಉರ್ದು. ಸಾಲಿಯಲ್ಲೂ ಉರ್ದುವೇ ಮುಂದೆ. ಮನೆಯಲ್ಲಿ ಆಡುವ ಮಾತು ಕನ್ನಡ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತು. ಆಗ ಮಾಸ್ತರು ಹನ್ನೆರಡು ವರ್ಷದ ಹುಡುಗ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿತು. ಆ ಹೊತ್ತಿಗೆ ಅವರು ಮಾಸ್ತರಕಿ ಕಲಿಯುತ್ತಿದ್ದರು.

‘ನಾನು ಅಪ್ಪನ ಭಾಷಾ ಬಿಟ್ಟು ಸರಕಾರದ ಭಾಷಾ ಕಲ್ತವ. ನಮ್ಮಪ್ಪ ಕೋರ್ಟಿನ ಕಾಗದ ಹಿಡಕೊಂಡು ಊರೂರು ತಿರುಗ್ಯಾನ, ಓದಿ ಹೇಳವ್ರು ಸಿಗಲಿಲ್ಲ’ ಎಂದು ಅವರು ಹೇಳುತ್ತಿದ್ದರು. ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಮಗೆ ಬೇಸರ ಬರುವಷ್ಟು.

ಪಾಟಿ ಮತ್ತು ತಮ್ಮ

ನನಗೆ ಎಂಟು ವರ್ಷ. ಮಾಸ್ತರಿಗೆ ಆಗ ನಮ್ಮ ಊರಿನ ಸಾಲಿಯಲ್ಲೇ ಕೆಲಸ. ಒಂದೇ ಕೋಣೆಯ ಸಾಲಿ. ಮಳೆ ಬಂದರೆ ಹನುಮಂತ ದೇವರ ಗುಡಿಯಲ್ಲಿ ಸಾಲಿ.

ನನ್ನ ಅವ್ವ ಕೂಲಿಗೆ ಹೋಗುತ್ತಿದ್ದಳು. ತಮ್ಮ ಒಂದು ವರ್ಷದ ಕೂಸು. ಅವನನ್ನು ನೋಡಿಕೊಳ್ಳಲು ನನ್ನನ್ನು ಸಾಲಿ ಬಿಡಿಸಿದರು. ಮಾರನೆಯ ದಿನವೇ ಮಾಸ್ತರು ಮನೆಗೆ ಬಂದರು. ಅಪ್ಪ ಹೊರಸಿನ ಮೇಲೆ ಕುಂತಿದ್ದ.

‘ಹುಡುಗಿ ಸಾಲಿ ಕಲ್ತು ಕಲೆಕ್ಟರ್ ಆಗ್ತಾಳೇನ್ರೀ ಮಾಸ್ತರ್?’ ಎಂದ ಅಪ್ಪ.

‘ಕಲೆಕ್ಟರ್ ಆಗದು ಬ್ಯಾಡೋ. ಕಲೆಕ್ಟರ್ ಕಾಗದ ಬಂದ್ರ ಓದಲಿ’ ಎಂದರು ಮಾಸ್ತರು.

ಅಪ್ಪ ಒಪ್ಪಲಿಲ್ಲ. ಅವರು ಮತ್ತೆ ಬಂದರು. ಮೂರನೆಯ ಸಲ ಬಂದಾಗ ಬೇರೆ ಮಾತು ತೆಗೆದರು. ‘ಕೂಸಿನ್ನೂ ಸಾಲಿಗೇ ಕಳಸು’ ಎಂದರು.

ಹಾಗಾಗಿ ಒಂದು ವರ್ಷ ನಾನು ಬಗಲಲ್ಲಿ ತಮ್ಮನನ್ನು, ಕೈಯಲ್ಲಿ ಪಾಟಿಯನ್ನು ಹಿಡಿದು ಸಾಲಿಗೆ ಹೋದೆ. ಬೇವಿನ ಗಿಡದ ಕೆಳಗೆ ಗೋಣಿ ಚೀಲ ಹಾಸಿ ಅವನನ್ನು ಮಲಗಿಸುತ್ತಿದ್ದೆ. ಅವನು ಅತ್ತರೆ ಮಾಸ್ತರೇ ಎತ್ತಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಕೋಲು. ಹೌದು, ಕೋಲು. ಅವರು ಹೊಡೆಯುತ್ತಿದ್ದರು. ಅದನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಅಂಗೈ ಮೇಲೂ ಬಿದ್ದಿದೆ. ವಯಸ್ಸಾದ ಮೇಲೆ ಕೋಲು ಬಿಟ್ಟರು. ‘ಹೊಡೆದಿದ್ದಕ್ಕ ಯಾರೂ ಕಲೀಲಿಲ್ಲ. ಹೊಡೆದಿದ್ದಕ್ಕ ನಾಕು ಮಂದಿ ಸಾಲಿ ಬಿಟ್ರು’ ಎಂದು ಒಮ್ಮೆ ತಾವೇ ಹೇಳಿದರು.

ಮುಂದಿನ ವರ್ಷ ಮಾಸ್ತರಿಗೆ ಚಿಂಚೋಳಿ ಕಡೆ ವರ್ಗವಾಯಿತು. ನನ್ನ ಸಾಲಿಯೂ ಅಲ್ಲಿಗೇ ಮುಗಿಯಿತು. ‘ಅ’ ಇಂದ ‘ಳ’ ತನಕ ಕಲಿತಿದ್ದೆ. ಒತ್ತಕ್ಷರ ಕಲಿತಿರಲಿಲ್ಲ. ಮೂವತ್ತು ವರ್ಷದಲ್ಲಿ ಅದೂ ಮರೆತು ಹೋಯಿತು.

ಐದು ಊರಿನ ನೀರು

ಮಾಸ್ತರು ಐದು ಕಡೆ ನೌಕರಿ ಮಾಡಿದರು. ಚಿಂಚೋಳಿ, ಶಹಾಬಾದ್, ವಾಡಿ, ಚಿತ್ತಾಪುರ, ಕೊನೆಗೆ ಸೇಡಂ. ‘ಐದು ಊರಿನ ನೀರು ಕುಡದೀನಿ’ ಎನ್ನುತ್ತಿದ್ದರು.

ಚಿಂಚೋಳಿ ಕಡೆ ಕಾಡು, ಗುಡ್ಡ, ತಾಂಡಾಗಳು. ಲಂಬಾಣಿ ಮಕ್ಕಳಿಗೆ ಮನೆಯ ಮಾತು ಬೇರೆ, ಸಾಲಿಯ ಮಾತು ಬೇರೆ. ಕನ್ನಡ ತಿಳಿಯದೆ ಮಕ್ಕಳು ಸುಮ್ಮನೆ ಕುಂತಿರುತ್ತಿದ್ದರು. ಮಾಸ್ತರು ಮೊದಲು ತಾವು ಲಂಬಾಣಿ ಕಲಿತರು. ‘ಯಾಡಿ’ ಎಂದರೆ ತಾಯಿ. ‘ಬಾಟಿ’ ಎಂದರೆ ರೊಟ್ಟಿ. ಪಾಟಿಯ ಮೇಲೆ ಮೊದಲು ‘ಯಾಡಿ’ ಎಂದು ಬರೆದು, ಆಮೇಲೆ ‘ತಾಯಿ’ ಎಂದು ಬರೆಯುತ್ತಿದ್ದರು. ತಮ್ಮ ಮಾತನ್ನು ಮಾಸ್ತರೇ ಬರೆದದ್ದು ನೋಡಿ ಮಕ್ಕಳು ಬಾಯಿ ಬಿಟ್ಟರಂತೆ.

ತಾಂಡಾದ ಮಂದಿ ಸುಗ್ಗಿ ಮುಗಿದ ಮೇಲೆ ದುಡಿಯಲು ದೂರ ಹೋಗುತ್ತಿದ್ದರು. ಮುಂಬಯಿ, ಪುಣೆ, ಹೈದರಾಬಾದ್. ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ಮಾಸ್ತರು ಮನೆ ಮನೆಗೆ ಹೋಗಿ, ಊರಲ್ಲಿ ಉಳಿಯುವ ಅಜ್ಜಿಯರ ಹತ್ತಿರ ಮಕ್ಕಳನ್ನು ಬಿಡಿ ಎಂದು ಕೇಳುತ್ತಿದ್ದರು. ಕೆಲವರು ಬಿಟ್ಟರು. ಹೆಚ್ಚಿನವರು ಬಿಡಲಿಲ್ಲ. ಇಂದಿಗೂ ನಮ್ಮ ಕಡೆ ಈ ತೊಂದರೆ ಪೂರ್ತಿ ಹೋಗಿಲ್ಲ.

ಆಮೇಲೆ ಶಹಾಬಾದ್. ಶಹಾಬಾದ್ ಕಲ್ಲು ಎಂದರೆ ಎಲ್ಲರಿಗೂ ಗೊತ್ತು. ನಮ್ಮ ಮನೆಯ ನೆಲದಲ್ಲಿ ಹಾಸಿರುವ ಪರ್ಸಿ ಅಲ್ಲಿಯದೇ. ಅದು ಸುಣ್ಣದ ಕಲ್ಲಿನ ಜಾತಿ. ನೆಲದಲ್ಲಿ ಪದರು ಪದರಾಗಿ ಇರುತ್ತದೆ. ಅದಕ್ಕೇ ಹಾಸುಗಲ್ಲಾಗಿ ಏಳುತ್ತದೆ. ಖಣಿಯಲ್ಲಿ ಗಂಡಸರು ಕಲ್ಲು ಎಬ್ಬಿಸುತ್ತಾರೆ. ಹೆಂಗಸರು ತಲೆಯ ಮೇಲೆ ಹೊರುತ್ತಾರೆ. ಮಕ್ಕಳು ಅಲ್ಲೇ ಬಿಸಿಲಲ್ಲಿ ಆಡುತ್ತಿರುತ್ತಾರೆ.

ಆ ಮಕ್ಕಳಿಗೆ ಪಾಟಿ ಕೊಳ್ಳಲು ದುಡ್ಡಿರಲಿಲ್ಲ. ಮಾಸ್ತರು ಸುತ್ತ ನೋಡಿದರು. ಒಡೆದ ಪರ್ಸಿ ತುಂಡುಗಳು ರಾಶಿ ರಾಶಿ ಬಿದ್ದಿದ್ದವು. ನುಣುಪಾದ ಕಲ್ಲು, ಬೂದಿ ಬಣ್ಣ. ಬಳಪದಿಂದ ಬರೆದರೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಅದೇ ಪಾಟಿ! ಮಕ್ಕಳಿಗೆ ಒಂದೊಂದು ತುಂಡು ಕೊಟ್ಟರು. ಮನೆಗೆ ಹೊತ್ತು ಹೋಗುವ ತೊಂದರೆಯಿಲ್ಲ. ನಾಳೆ ಬಂದರೆ ಇನ್ನೊಂದು ತುಂಡು. ಊಟದ ಹೊತ್ತಿನಲ್ಲಿ ಖಣಿಯ ಹೆಂಗಸರೂ ಬಂದು ಪಕ್ಕದಲ್ಲಿ ಕೂಡತೊಡಗಿದರು. ರೊಟ್ಟಿ ತಿನ್ನುತ್ತಾ ತಮ್ಮ ಹೆಸರು ಬರೆಸಿಕೊಳ್ಳುತ್ತಿದ್ದರು. ವಾರದ ಕೂಲಿಯ ಲೆಕ್ಕ ಅವರೇ ಇಡತೊಡಗಿದಾಗ ಯಾರಿಗೋ ಸಿಟ್ಟು ಬಂತಂತೆ. ಮಾಸ್ತರು ಅದನ್ನು ನಗುತ್ತಾ ಹೇಳುತ್ತಿದ್ದರು. ಯಾರು, ಏನು ಎಂದು ಮಾತ್ರ ಹೇಳಲಿಲ್ಲ.

ವಾಡಿಯಲ್ಲಿ 1968ರಲ್ಲಿ ಎ.ಸಿ.ಸಿ. ಸಿಮೆಂಟ್ ಕಾರ್ಖಾನೆ ಸುರುವಾಗಿತ್ತು. ಊರೂರಿನ ಮಂದಿ ಅಲ್ಲಿಗೆ ದುಡಿಯಲು ಬಂದಿದ್ದರು. ಒಂದೇ ಸಾಲಿಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಮಾತಾಡುವ ಮಕ್ಕಳು. ಮಾಸ್ತರಿಗೆ ಅದು ಬಹಳ ಸೇರಿತು.

ವಾಡಿಯಿಂದ ನಮ್ಮ ಕಡೆಗೆ ರೈಲು ಇದೆ. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಹಾಗೇ ಮುಂದೆ ತಾಂಡೂರು, ಸಿಕಂದರಾಬಾದ್. ಈ ದಾರಿಗೆ ರೈಲು ಬಂದದ್ದು 1874ರಲ್ಲಿ, ನಿಜಾಮರ ಕಾಲದಲ್ಲಿ. ಶನಿವಾರ ಮುಂಜಾನೆ ಸಾಲಿ. ಅದು ಮುಗಿದ ಕೂಡಲೇ ಮಾಸ್ತರು ರೈಲು ಹತ್ತುತ್ತಿದ್ದರು. ಮಳಖೇಡ ರೋಡಿನಲ್ಲಿ ಇಳಿದು ಮನೆಗೆ ಹೋಗುತ್ತಿರಲಿಲ್ಲ. ನೆಟ್ಟಗೆ ಹೊಲಕ್ಕೆ. ಬಿಳಿ ಧೋತ್ರ ಮೊಣಕಾಲ ಮೇಲೆ ಎತ್ತಿ ಕಟ್ಟಿ, ಸಂಜೆ ತನಕ ಎಡಿ ಹೊಡೆಯುತ್ತಿದ್ದರು. ಅವರ ಮನೆಯವರು ಬುತ್ತಿ ತಂದು ಬದುವಿನ ಮೇಲೆ ಕಾಯುತ್ತಿದ್ದರು. ಸೋಮವಾರ ಬೆಳಕು ಹರಿಯುವ ಮೊದಲೇ ಮತ್ತೆ ರೈಲು.

ಚಿತ್ತಾಪುರದಲ್ಲಿ ಎರಡು ವರ್ಷ ಮಾತ್ರ ಇದ್ದರು. ಆ ತಾಲೂಕಿನ ಸನ್ನತಿಯಲ್ಲಿ, ಭೀಮಾ ಹೊಳೆಯ ದಂಡೆಯಲ್ಲಿ, 1980ರ ದಶಕದಲ್ಲಿ ಅಶೋಕ ರಾಜನ ಶಾಸನದ ಕಲ್ಲು ಸಿಕ್ಕಿತು. ಮಾಸ್ತರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರ. ‘ರಾಜ ಬರೆಸಿ ಇಟ್ಟ. ನಡುವ ಎಷ್ಟೋ ನೂರು ವರ್ಷ ಅದನ್ನ ಓದವ್ರೇ ಇರಲಿಲ್ಲ. ಓದವ್ರು ಇಲ್ಲಾಂದ್ರ ಅದು ಬರೀ ಕಲ್ಲು’ ಎಂದು ಮಕ್ಕಳಿಗೆ ಹೇಳಿದರಂತೆ.

ಮನೆಯವರು

ಮಾಸ್ತರರ ಹೆಂಡತಿಯನ್ನು ನಾವು ‘ಅಕ್ಕೋರು’ ಎನ್ನುತ್ತಿದ್ದೆವು. ಅವರು ಮದುವೆಯಾಗಿ ಬಂದಾಗ ಒಂದಕ್ಷರವೂ ಬರುತ್ತಿರಲಿಲ್ಲ. ಮಾಸ್ತರು ಅವರಿಗೆ ಒಲೆಯ ಮುಂದೆ ಕುಂತು ಕಲಿಸಿದರು. ಅತ್ತೆ ನೋಡಿದರೆ ಬೈಯುತ್ತಾಳೆಂದು ಬೂದಿಯ ಮೇಲೆ ಬರೆದು ಅಳಿಸುತ್ತಿದ್ದರಂತೆ. ಗಂಡ ಬೇರೆ ಊರಿನಲ್ಲಿರುವಾಗ ಹೊಲ, ದನ, ಆಳಿನ ಕೂಲಿ, ಬೀಜದ ಲೆಕ್ಕ ಎಲ್ಲ ಅಕ್ಕೋರದೇ. ಮಾಸ್ತರ ಹೊಲ ಎಂದು ಮಂದಿ ಹೇಳುತ್ತಿದ್ದರು. ನನ್ನನ್ನು ಕೇಳಿದರೆ ಅದು ಅಕ್ಕೋರ ಹೊಲ.

ಮಾಸ್ತರ ಪಗಾರದಲ್ಲಿ ಇಬ್ಬರು ತಮ್ಮಂದಿರು ಓದಿದರು. ಮೂವರು ತಂಗಿಯರ ಮದುವೆಯಾಯಿತು.

ಒಂದು ವಿಷಯ ಅವರನ್ನು ಕೊನೆಯ ತನಕ ಸುಟ್ಟಿತು. ಹಿರಿಯ ಮಗಳಿಗೆ ಹದಿನೈದಕ್ಕೇ ಮದುವೆ ಮಾಡಿಬಿಟ್ಟಿದ್ದರು. ಹಾಸಿಗೆ ಹಿಡಿದಿದ್ದ ತಾಯಿ ಹಟ ಹಿಡಿದಿದ್ದಳು. ಆಗ ಕಾಯ್ದೆಯಲ್ಲೂ ಹುಡುಗಿಗೆ ಹದಿನೈದು ವರ್ಷ ಎಂದೇ ಇತ್ತು. 1978ರಲ್ಲಿ ಅದು 18 ಆಯಿತು. ‘ಕಾಯ್ದೆದಾಗ ತಪ್ಪಲ್ಲ. ನನ್ನ ಲೆಕ್ಕದಾಗ ತಪ್ಪು. ಊರ ಹುಡುಗ್ಯಾರ್ನ ಸಾಲಿಗೆ ಕರೆದೆ, ನನ್ನ ಹುಡುಗಿ ಸಾಲಿ ಬಿಡಿಸಿದೆ’ ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಇಂಥ ಮಾತನ್ನು ಎಲ್ಲರ ಮುಂದೆ ಹೇಳುವ ಗಂಡಸರನ್ನು ನಾನು ಬೇರೆ ನೋಡಿಲ್ಲ.

1994ರಲ್ಲಿ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂತು. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಆ ಕಾಯ್ದೆಯಲ್ಲಿ ಪಾಲು ಇರಲಿಲ್ಲ. ಮಾಸ್ತರು ಕಾಯ್ದೆಯನ್ನು ಕಾಯಲಿಲ್ಲ. ಎಂಟು ಎಕರೆ ಹೊಲ. ಇಬ್ಬರು ಗಂಡು, ಇಬ್ಬರು ಹೆಣ್ಣು. ಎಲ್ಲರಿಗೂ ಎರಡೆರಡು ಎಕರೆ ಬರೆದರು. ಹಿರಿಯ ಮಗಳಿಗೆ ಹೊಳೆ ಕಡೆಯ ಒಳ್ಳೆಯ ಭೂಮಿ. ಗಂಡುಮಕ್ಕಳು ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಹೆಣ್ಣುಮಕ್ಕಳ ಪಾಲಿನ ಕಾಯ್ದೆ ಬಂತು.

ಕೊಟ್ಟಿಗೆಯ ಸಾಲಿ

ಮಾಸ್ತರು ರಿಟೈರ್ ಆಗಿ ಊರಿಗೆ ಬಂದರು. ಅದೇ ಹೊತ್ತಿಗೆ ಸಾಕ್ಷರತಾ ಆಂದೋಲನ ನಡೆದಿತ್ತು. ದೊಡ್ಡವರಿಗೆ ಓದು ಬರಹ ಕಲಿಸುವ ಕೆಲಸ. ಮಾಸ್ತರು ತಮ್ಮ ದನದ ಕೊಟ್ಟಿಗೆಯ ಅರ್ಧ ಭಾಗ ಸಾರಿಸಿ, ಕಂದೀಲು ತೂಗುಹಾಕಿದರು. ರಾತ್ರಿ ಎಂಟಕ್ಕೆ ಸಾಲಿ. ಆ ಕಡೆ ಎತ್ತು ಮೆಲುಕು ಹಾಕುತ್ತಿದ್ದವು. ಈ ಕಡೆ ನಾವು.

ನಾನು ಹೋಗಿರಲಿಲ್ಲ. ನಾಚಿಕೆ. ಒಂದು ದಿನ ಮಾಸ್ತರು ಮನೆ ಮುಂದೆ ಬಂದು ನಿಂತರು. ಮೂವತ್ತು ವರ್ಷದ ಹಿಂದೆ ನಿಂತಿದ್ದರಲ್ಲ, ಹಾಗೇ.

‘ಯವ್ವಾ, ನೀ ಸಾಲಿ ಬಿಟ್ಟಿಲ್ಲ. ಬಾಳ ದಿನ ಗೈರುಹಾಜರ್ ಆಗೀದಿ. ಅಷ್ಟೇ’ ಎಂದರು.

ಅವರ ಕೈಯಲ್ಲಿ ಒಂದು ಹಳೆಯ ವಹಿ ಇತ್ತು. ಸಾಲಿ ಬಿಟ್ಟ ಹುಡುಗಿಯರ ಹೆಸರುಗಳನ್ನು ಅವರು ಅದರಲ್ಲಿ ಬರೆದು ಇಟ್ಟಿದ್ದರು. ನಮ್ಮ ಊರಿನವರು ಹದಿನೇಳು ಮಂದಿ. ನನ್ನದು ಆರನೆಯ ಹೆಸರು.

ಮರುದಿನ ರಾತ್ರಿ ಹೋದೆ.

ಅವರು ನಮಗೆ ‘ಅ ಆ’ ಇಂದ ಸುರು ಮಾಡಲಿಲ್ಲ. ‘ದಿನಾ ಕೈಯಿಂದ ಏನ್ ಮಾಡ್ತೀರಿ?’ ಎಂದು ಕೇಳಿದರು. ‘ರೊಟ್ಟಿ ಬಡೀತೀವ್ರಿ’ ಎಂದೆವು. ಅದೇ ಮೊದಲ ಪಾಠ. ‘ರೊಟ್ಟಿ’. ‘ನೋಡ್ರಿ, ಟ ಕ್ಕ ಟ ಕೆಳಗ ಕುಂತದ. ಒಂದು ಬಡಿದ್ರ ರೊಟ್ಟಿ ಆಗಂಗಿಲ್ಲ, ಎರಡು ಬಡೀಬೇಕು’ ಎಂದರು. ನಾವೆಲ್ಲ ನಕ್ಕೆವು. ನನಗೆ ಬಾರದೆ ಉಳಿದಿದ್ದ ಒತ್ತಕ್ಷರ ಅವತ್ತು ಬಂತು.

ಮಳಖೇಡದ ಕತೆಯನ್ನೂ ಅಲ್ಲೇ ಕೇಳಿದೆವು. ನಮ್ಮ ಪಕ್ಕದ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಆಗಿನ ಹೆಸರು ಮಾನ್ಯಖೇಟ. ಅಲ್ಲಿ ನೃಪತುಂಗ ರಾಜ ಆಳಿದ. ಅವನ ಆಸ್ಥಾನದಲ್ಲಿ ಹುಟ್ಟಿದ ಪುಸ್ತಕ ‘ಕವಿರಾಜಮಾರ್ಗ’. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಸಾವಿರದ ನೂರು ವರ್ಷಕ್ಕೂ ಹಿಂದಿನದು. ಓದದೆಯೂ ಮಾತಿನಲ್ಲಿ ಜಾಣರಾದ ಜನ ಈ ನಾಡಿನವರು ಎಂದು ಅದರಲ್ಲಿ ಹೊಗಳಿದೆಯಂತೆ. ‘ಹಂಗಂದ್ರ ಓದದೂ ಬ್ಯಾಡಲ್ರೀ ಮಾಸ್ತರ’ ಎಂದಳು ನಮ್ಮಲ್ಲೊಬ್ಬಳು. ಮಾಸ್ತರಿಗೆ ಉತ್ತರ ಹೊಳೆಯಲಿಲ್ಲ. ಅವತ್ತು ಬೇಗ ಸಾಲಿ ಬಿಟ್ಟರು.

ಒಂದು ಕಾಗದ

ಆ ವರ್ಷ ನನ್ನ ಗಂಡ ತೀರಿಕೊಂಡರು. ಇಬ್ಬರು ಸಣ್ಣ ಮಕ್ಕಳು.

ನಮ್ಮ ಮಾವನವರ ಹೊಲ ಆರು ಎಕರೆ. ನನ್ನ ಗಂಡ ಮತ್ತು ಭಾವ, ಇಬ್ಬರೇ ಮಕ್ಕಳು. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಯೂ ಇರಲಿಲ್ಲ. ಆದರೆ ಪಹಣಿಯಲ್ಲಿ ಇನ್ನೂ ಮಾವನವರ ಹೆಸರೇ ಇತ್ತು. ಯಾರೂ ಬದಲಿಸಿರಲಿಲ್ಲ.

ದಿನ ಮುಗಿದು ತಿಂಗಳಾಗಿತ್ತು. ಭಾವ ಒಂದು ಕಾಗದ ತಂದರು. ‘ಬ್ಯಾಂಕಿನ ಸಾಲದ ಕಾಗದ ಅದ. ಹೆಬ್ಬೆಟ್ಟು ಒತ್ತು’ ಎಂದರು. ಮಸಿಯ ಡಬ್ಬಿಯನ್ನೂ ತಂದಿದ್ದರು.

ಮೊದಲಾಗಿದ್ದರೆ ಒತ್ತುತ್ತಿದ್ದೆ. ಹಿರಿಯರು ಹೇಳಿದ ಮೇಲೆ ಮುಗಿಯಿತು. ಆದರೆ ನಾನು ಐದು ತಿಂಗಳು ಕೊಟ್ಟಿಗೆಯ ಸಾಲಿಗೆ ಹೋಗಿದ್ದೆ. ಕಾಗದ ನೋಡಿದರೆ ಕಣ್ಣು ತಾನಾಗಿ ಅಕ್ಷರ ಹುಡುಕುತ್ತಿತ್ತು. ಕಾಗದದ ತುಂಬ ಕಠಿಣ ಮಾತುಗಳು. ಒಂದೂ ತಿಳಿಯಲಿಲ್ಲ. ನಡುವೆ ಒಂದು ಕಡೆ ಟ ಕೆಳಗೆ ಟ ಕುಂತಿತ್ತು. ರೊಟ್ಟಿಯ ಅಕ್ಷರ! ಕೂಡಿಸಿ ಓದಿದೆ. ಬಿ... ಟ್ಟು. ಬಿಟ್ಟು. ಅದರ ಮುಂದೆ ‘ಕೊಟ್ಟಿ’ ಎಂದಿತ್ತು. ಅದರ ಹಿಂದೆ ಇನ್ನೊಂದು ಒತ್ತಕ್ಷರ. ಕ ಕೆಳಗೆ ಕ. ಹಕ್ಕು.

ಹಕ್ಕು. ಬಿಟ್ಟು. ಕೊಟ್ಟಿ.

ನನ್ನ ಕೈ ನಡುಗಿತು. ‘ಬಾವಾ, ನಾಳಿ ಒತ್ತತೀನ್ರಿ’ ಎಂದೆ. ಸೆರಗಿನಲ್ಲಿ ಕಾಗದ ಮುಚ್ಚಿಕೊಂಡು ಮಾಸ್ತರ ಮನೆಗೆ ಓಡಿದೆ.

ಮಾಸ್ತರು ಕನ್ನಡಕ ಹಾಕಿ ಎರಡು ಸಲ ಓದಿದರು. ಅದು ಹಕ್ಕು ಬಿಡುಗಡೆಯ ಪತ್ರ. ನನ್ನ ಮತ್ತು ಮಕ್ಕಳ ಪಾಲನ್ನು ಭಾವನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದ. ಮಾಸ್ತರು ಭಾವನನ್ನು ಬೈಯಲಿಲ್ಲ. ಅಕ್ಕೋರಿಗೆ ಹೇಳಿ ನನಗೆ ಚಹಾ ಕೊಡಿಸಿದರು. ‘ನೀ ಎಷ್ಟು ಓದಿದಿ?’ ಎಂದು ಕೇಳಿದರು. ‘ಮೂರು ಮಾತು’ ಎಂದೆ. ‘ಸಾಕಾತು’ ಎಂದರು.

ಮರುದಿನ ನನ್ನನ್ನು ಸೇಡಂ ತಹಸೀಲ್ ಕಚೇರಿಗೆ ಕರೆದುಕೊಂಡು ಹೋದರು. ವಾರಸಾ ಮಾಡಿಸಲು ಅರ್ಜಿ ಕೊಟ್ಟೆವು. ವಾರಸಾ ಎಂದರೆ ಸತ್ತವರ ಹೆಸರು ತೆಗೆದು ಹಕ್ಕುದಾರರ ಹೆಸರು ಹಚ್ಚುವುದು. ಮರಣದ ದಾಖಲೆ ಬೇಕು. ಮನೆತನದ ವಂಶವೃಕ್ಷ ಬೇಕು. ತಕರಾರು ಇದ್ದವರು ಹೇಳಲಿ ಎಂದು ನೋಟಿಸ್ ಹಚ್ಚುತ್ತಾರೆ. ಅದೆಲ್ಲ ಮುಗಿಯಲು ಎಂಟು ತಿಂಗಳು ಹಿಡಿಯಿತು. ಗಂಡ ಸತ್ತರೆ ಹೆಂಡತಿಗೆ ಏನೂ ಇಲ್ಲ ಎಂದು ನಾನು ತಿಳಿದಿದ್ದೆ. ಅದು ಸುಳ್ಳು. 1956ರ ಹಿಂದೂ ವಾರಸಾ ಕಾಯ್ದೆಯ ಪ್ರಕಾರ, ಗಂಡ ಉಯಿಲು ಬರೆಯದೆ ಸತ್ತರೆ, ಅವನ ಪಾಲು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮನಾಗಿ ಬರುತ್ತದೆ.

ಭಾವನವರೂ ಕೆಟ್ಟವರಲ್ಲ. ಸಾಲ ಅವರನ್ನು ಹಾಗೆ ಮಾಡಿತ್ತು. ಮಾಸ್ತರು ಅವರ ಹತ್ತಿರವೂ ನಾಲ್ಕು ಸಂಜೆ ಕುಂತು ಮಾತಾಡಿದರು. ಕೊನೆಗೆ ನೋಟಿಸಿಗೆ ಅವರು ತಕರಾರು ಹಾಕಲಿಲ್ಲ.

ಪಹಣಿ ಓದುವುದನ್ನು ಮಾಸ್ತರು ನಮಗೆಲ್ಲ ಕಲಿಸಿದರು. ಒಂದು ವಾರ ಅದೇ ಪಾಠ. ನೀವೂ ನಿಮ್ಮ ಮನೆಯ ಪಹಣಿ ತಂದು ಮುಂದೆ ಇಟ್ಟುಕೊಳ್ಳಿ. ಅದರಲ್ಲಿ ಮನೆಗಳಂತೆ ಕಾಲಂಗಳಿವೆ. ಪ್ರತಿ ಕಾಲಮ್ಮಿಗೆ ನಂಬರ್ ಇದೆ. 9ನೆಯ ಕಾಲಂ ನೋಡಿ. ಅಲ್ಲಿ ಭೂಮಿಯ ಮಾಲೀಕರ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ ಎಂದು ಇರುತ್ತದೆ. 40 ಗುಂಟೆಗೆ ಒಂದು ಎಕರೆ. ಭೂಮಿ ಅವರಿಗೆ ಹೇಗೆ ಬಂತು ಎಂಬುದು 10ನೆಯ ಕಾಲಮ್ಮಿನಲ್ಲಿ. 11ನೆಯದರಲ್ಲಿ ಬೇರೆಯವರ ಹಕ್ಕು, ಭೂಮಿಯ ಮೇಲಿನ ಸಾಲ ಇರುತ್ತದೆ. ಸಾಲ ತೀರಿಸಿದ ಮೇಲೂ ಅಲ್ಲಿ ಹಾಗೇ ಉಳಿದಿದ್ದರೆ ತೆಗೆಸಬೇಕು. 12ರಲ್ಲಿ ಯಾರು ಉಳುತ್ತಾರೆ, ಏನು ಬೆಳೆದಿದ್ದಾರೆ ಎಂದು ಬರೆದಿರುತ್ತದೆ. ಆಗ ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಓದುವುದೇ ಕಷ್ಟ. 2000ದ ಆಸುಪಾಸು ‘ಭೂಮಿ’ ಯೋಜನೆ ಬಂದು ಕಂಪ್ಯೂಟರ್ ಪಹಣಿಯಾಯಿತು. ಈಗ ನಾಡ ಕಚೇರಿಯಲ್ಲಿ ಸಿಗುತ್ತದೆ.

9ನೆಯ ಕಾಲಮ್ಮಿನಲ್ಲಿ ನನ್ನ ಹೆಸರನ್ನು ನಾನೇ ಮೊದಲ ಸಲ ಓದಿದ ದಿನ ಮನೆಗೆ ಬಂದು ರೊಟ್ಟಿ ಬಡಿದೆ. ಅವತ್ತು ಒಂದೂ ಸರಿಯಾಗಲಿಲ್ಲ.

ತೊಗರಿ ಅಲ್ಲಾಡಿಸಿದ್ದು

1997–98ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ಕಾಯಿಕೊರಕ ಹುಳ ಬಿತ್ತು. ಹಸಿರು ಹುಳ. ಕಾಯಿಗೆ ತೂತು ಮಾಡಿ ಒಳಗಿನ ಕಾಳು ತಿನ್ನುತ್ತದೆ. ಮಂದಿ ಸಾಲ ಮಾಡಿ ಎಣ್ಣೆ ಹೊಡೆದರು. ಮತ್ತೆ ಮತ್ತೆ ಹೊಡೆದರು. ಹುಳ ಸಾಯಲಿಲ್ಲ. ಅದಕ್ಕೆ ವಿಷ ರೂಢಿಯಾಗಿ ಹೋಗಿತ್ತು. ಬೆಳೆ ಹೋಯಿತು, ಸಾಲ ಉಳಿಯಿತು. ಆ ವರ್ಷ ನಮ್ಮ ಭಾಗದಲ್ಲಿ ರೈತರು ಜೀವ ಕಳೆದುಕೊಂಡರು.

ಮರುವರ್ಷ ಮಾಸ್ತರು ಒಂದು ಕರಪತ್ರ ತಂದು ನಮ್ಮ ಕೈಯಲ್ಲಿ ಇಟ್ಟರು. ‘ನಾ ಓದಂಗಿಲ್ಲ. ನೀವೇ ಓದ್ರಿ’ ಎಂದರು. ಎರಡು ರಾತ್ರಿ ಕೂಡಿಸಿ ಕೂಡಿಸಿ ಓದಿದೆವು. ಗಿಡ ಅಲ್ಲಾಡಿಸಿ ಹುಳ ಬೀಳಿಸುವ ವಿಧಾನ ಅದರಲ್ಲಿತ್ತು. ಎರಡು ಸಾಲಿನ ನಡುವೆ ತಾಡಪಾಲು ಹಿಡಿಯಬೇಕು. ಎರಡೂ ಕಡೆಯ ಗಿಡ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಹುಳ ಉದುರುತ್ತವೆ. ಆರಿಸಿ ಕೋಳಿಗೆ ಹಾಕಬಹುದು.

ಗಂಡಸರು ನಕ್ಕರು. ಅಕ್ಕೋರು ಮೊದಲು ತಮ್ಮ ಹೊಲದಲ್ಲಿ ಸುರು ಮಾಡಿದರು. ನಾವು ಹೆಂಗಸರು ಮುಯ್ಯಾಳು ಮಾಡಿಕೊಂಡೆವು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಬಕೀಟು ತುಂಬ ಹುಳ! ಕೋಳಿಗಳು ತಿಂದು ತಿಂದು ಸುಸ್ತಾದವು. ನನ್ನ ಮೂರು ಎಕರೆಗೆ ಆ ವರ್ಷ ಎಣ್ಣೆಯ ಖರ್ಚು ಅರ್ಧಕ್ಕೆ ಇಳಿಯಿತು. ಮಕ್ಕಳ ಸಾಲಿಯ ಬಟ್ಟೆ ಆ ದುಡ್ಡಿನಲ್ಲೇ ಬಂತು.

ಈಗ ನಮ್ಮ ತೊಗರಿಗೆ ದೇಶದಲ್ಲೇ ಹೆಸರಿದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಸರಕಾರದ ಜಿ.ಐ. ಗುರುತು ಸಿಕ್ಕಿತು. ಬೇರೆ ಕಡೆಯ ಬೇಳೆಗೆ ಈ ಹೆಸರು ಹಚ್ಚುವಂತಿಲ್ಲ. ಮಾಸ್ತರು ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ಎಳ್ಳಮಾಸಿಗೆ ಊರಿನ ಎಲ್ಲ ಮಕ್ಕಳಿಗೂ ಮಾಸ್ತರ ಹೊಲದಲ್ಲಿ ಊಟ. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ. ಚರಗ ಚೆಲ್ಲಿದ ಮೇಲೆ ಸಾಲಾಗಿ ಕೂಡಿಸುತ್ತಿದ್ದರು. ಯಾವ ಓಣಿಯ ಕೂಸು ಎಲ್ಲಿ ಕೂಡಬೇಕು ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಮೊದಮೊದಲು ಕೆಲವರು ತಮ್ಮ ಮಕ್ಕಳನ್ನು ಕಳಿಸಲಿಲ್ಲ. ಹೋಳಿಗಿಯ ವಾಸನೆಗೆ ಮಕ್ಕಳೇ ತಪ್ಪಿಸಿಕೊಂಡು ಬಂದರು.

ನನ್ನ ಮೊದಲ ಪತ್ರ

ಕೊನೆಗೆ ಮಾಸ್ತರಿಗೆ ಎದೆಯ ಬೇನೆ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಇಟ್ಟರು. ಆಗ ಜಿಲ್ಲೆಯ ಹೆಸರು ಗುಲಬರ್ಗಾ ಎಂದಿತ್ತು. ನನಗೆ ಹೋಗಲು ಆಗಲಿಲ್ಲ. ರಾಶಿಯ ದಿನಗಳು. ನಾನು ಒಂದು ಇನ್‌ಲ್ಯಾಂಡ್ ಪತ್ರ ತರಿಸಿ ಬರೆದೆ. ನನ್ನ ಬಾಳಿನ ಮೊದಲ ಪತ್ರ. ಬರೆಯಲು ಮೂರು ರಾತ್ರಿ ಹಿಡಿಯಿತು. ತೊಗರಿ ಎಷ್ಟು ಚೀಲ ಆಯಿತು, ಮಗ ಏಳನೆಯ ತರಗತಿ ಪಾಸಾದ, ಎತ್ತಿಗೆ ಕಾಲು ಬೇನೆ, ಬೇಗ ಬನ್ನಿ. ಇಷ್ಟೇ ಬರೆದಿದ್ದೆ.

ಹದಿನೈದು ದಿನಕ್ಕೆ ಅಕ್ಕೋರು ಊರಿಗೆ ಬಂದರು. ಮಾಸ್ತರು ಬರಲಿಲ್ಲ. ಅವರನ್ನು ಹೊಲದಲ್ಲೇ, ಬದುವಿನ ಬೇವಿನ ಗಿಡದ ಹತ್ತಿರ ಇಟ್ಟರು.

ಮೂರು ದಿನ ಕಳೆದ ಮೇಲೆ ಅಕ್ಕೋರು ನನ್ನನ್ನು ಕರೆದು ಒಂದು ಕಾಗದ ಕೊಟ್ಟರು. ನನ್ನದೇ ಪತ್ರ. ಮಾಸ್ತರು ಅದನ್ನು ತಿದ್ದಿದ್ದರು. ಕೆಂಪು ಪೆನ್ನು. ಮಲಗಿಕೊಂಡೇ ತಿದ್ದಿರಬೇಕು, ಗೆರೆ ಓರೆಯಾಗಿತ್ತು. ಎರಡು ತಪ್ಪಿಗೆ ಸುತ್ತು ಹಾಕಿದ್ದರು. ‘ಎತ್ತು’ ಎಂಬಲ್ಲಿ ತ ಒತ್ತು ಬಿಟ್ಟಿದ್ದೆ. ‘ಹದಿನಾಲ್ಕು’ ತಪ್ಪಿತ್ತು. ‘ಆಸ್ಪತ್ರಿ’ ಎಂದು ಬರೆದದ್ದನ್ನು ಹಾಗೇ ಬಿಟ್ಟಿದ್ದರು. ಅದು ನಮ್ಮ ಕಡೆಯ ಮಾತು, ತಪ್ಪಲ್ಲ ಎನ್ನುತ್ತಿದ್ದರು. ಕೆಳಗೆ ಒಂದೇ ಮಾತು ಬರೆದಿದ್ದರು. ‘ಹಾಜರ್’.

ಆ ಪತ್ರ ನನ್ನ ಪಹಣಿಯ ಚೀಲದಲ್ಲಿದೆ.

ಓದಿದ ಮೇಲೆ

ಮಾತಾಡಿ: ನೀವು ಸಾಲಿಗೆ ಹೋಗಿದ್ದಿರಾ? ಎಷ್ಟನೆಯ ತರಗತಿಗೆ ಬಿಟ್ಟಿರಿ? ಯಾರು ಬಿಡಿಸಿದರು? ಮತ್ತೆ ಬಾ ಎಂದು ಕರೆಯಲು ಯಾರಾದರೂ ಬಂದಿದ್ದರಾ?

ಭಾವ ತಂದ ಕಾಗದದಲ್ಲಿ ಈ ಅಕ್ಕ ಮೂರು ಮಾತು ಓದಿದಳು. ಆ ಮೂರು ಮಾತುಗಳನ್ನು ಪಾಠದಲ್ಲಿ ಹುಡುಕಿ, ನಿಮ್ಮ ವಹಿಯಲ್ಲಿ ಬರೆಯಿರಿ. ಅವುಗಳಲ್ಲಿ ಒತ್ತಕ್ಷರ ಎಲ್ಲಿದೆ, ಬೆರಳಿಟ್ಟು ತೋರಿಸಿ. ರೊಟ್ಟಿ, ಎತ್ತು, ಹಕ್ಕು, ಬುತ್ತಿ, ಅಕ್ಕ, ಅವ್ವ. ಇವನ್ನೂ ಬರೆಯಿರಿ.

ಮನೆಯ ಪಹಣಿಯಲ್ಲಿ 9ನೆಯ ಕಾಲಂ ಓದಿ. ಯಾರ ಹೆಸರಿದೆ? ಅವರು ಈಗ ಬದುಕಿದ್ದಾರೆಯೇ? ಹೊಲ ಇಲ್ಲದ ಅಕ್ಕಂದಿರು ರೇಶನ್ ಕಾರ್ಡ್ ತನ್ನಿ. ಅದರಲ್ಲಿ ಮನೆಯ ಎಲ್ಲರ ಹೆಸರೂ ಸರಿಯಾಗಿದೆಯೇ ನೋಡಿ.

ನಿಮಗೆ ಅಕ್ಷರ ಕಲಿಸಿದವರಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಮನೆಯ ಸುದ್ದಿ ಬರೆದರೆ ಸಾಕು. ತಪ್ಪಾದರೆ ಆಗಲಿ, ಅವರು ತಿದ್ದುತ್ತಾರೆ.